ಮೂರು ಕಾಲಮ್ಮಿನ ವರದಿ

ಮಂದಿಯ ಇಂಗ್ಲಿಷ್ ತಿದ್ದುವುದೂ ಒಂದು ನೌಕರಿ ಎಂದರೆ ನನ್ನ ಅತ್ತೆ ಇವತ್ತಿಗೂ ನಂಬುವುದಿಲ್ಲ. "ಅವರು ಬರದದ್ದನ್ನ ನೀ ಮತ್ತ ಯಾಕ ಬರೀತಿ? ಅವರೇನ್ ಸಾಲೀ ಕಲತಿಲ್ಲೇನು?" ಎಂದು ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ, ಈಗ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತೇನೆ ಎಂದುಬಿಟ್ಟಿದ್ದೇನೆ.

ಪುಣೆಯ ನಾರಾಯಣ ಪೇಟೆಯ ಒಂದು ಹಳೇ ಕಟ್ಟಡ. ಕೆಳಗೆ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ, ಮೇಲೆ ನಾವು. ಪಿಎಚ್‌ಡಿ ಮಾಡುವವರ ಪ್ರಬಂಧಗಳು, ಲೋಣಾವಳಾದ ಹೋಟೆಲಿನವರ ಬಣ್ಣಬಣ್ಣದ ಪುಸ್ತಿಕೆಗಳು, ಕುರಕುಂಭದ ಕೆಮಿಕಲ್ ಕಾರ್ಖಾನೆಗಳ ಸುರಕ್ಷತಾ ಕೈಪಿಡಿಗಳು, ಎಲ್ಲವೂ ನಮ್ಮಲ್ಲಿಗೆ ಕುಂಟುತ್ತ ಬಂದು ನೆಟ್ಟಗೆ ನಡೆದು ಹೋಗುತ್ತಿದ್ದವು. ಮಾಲಕರು ಮರಾಠಿಯವರು. ಲೆಕ್ಕ ಬರೆಯುವವರು, ಡಿಟಿಪಿ ಮಾಡುವವರು ಮರಾಠಿಯವರು. ತಿದ್ದುವವರು ಮಾತ್ರ ನಾವಿಬ್ಬರು ಕನ್ನಡದ ಹೆಂಗಸರು. ಅದರಲ್ಲಿ ದೊಡ್ಡವರು ಬಾಯಾರು.

ಬಾಯಾರು ಧಾರವಾಡದವರು. ಮದುವೆಯಾಗಿ ಪುಣೆಗೆ ಬಂದು, ಗಂಡ ತೀರಿಕೊಂಡ ಮೇಲೆ ತಂಗಿಯೊಡನೆ ಕೊಥ್ರೂಡಿನಲ್ಲಿ ಇದ್ದರು. ಆಫೀಸಿನವರೆಲ್ಲ ಅವರನ್ನು ಮ್ಯಾಡಮ್ ಎನ್ನುತ್ತಿದ್ದರು. ನನಗೆ ಮಾತ್ರ ಮೊದಲ ದಿನವೇ ಬಾಯಿಗೆ ಬಂದದ್ದು ಬಾಯಾರ ಎಂದು. ನಮ್ಮ ಬೆಳಗಾವಿ ಕಡೆ ಕಲಿಸುವವರನ್ನು ಹಾಗೆಯೇ ಕರೆಯುವುದು. ಅವರು ಕನ್ನಡಕದ ಮೇಲಿಂದ ನೋಡಿ, "ಹಂಗಾರ ನಾ ನಿನಗ ನೀ ಅಂತನ ಅಂತೀನಿ ನೋಡ್ವಾ. ನಾ ರೀ ಹಚ್ಚೋದು ಇಬ್ಬರಿಗೇ. ಒಂದು ಬ್ಯಾಂಕಿನವರಿಗೆ, ಇನ್ನೊಂದು ನನಗ ಸೇರಲಾರದವರಿಗೆ" ಎಂದರು. ನನಗೆ ಆಗ ಮೂವತ್ತು ವರ್ಷ, ಅವರಿಗೆ ಐವತ್ತು ದಾಟಿತ್ತು. ಆ ದಿನದಿಂದ ಒಂಬತ್ತು ವರ್ಷ ನಾವು ಎದುರುಬದುರು ಕೂತೆವು.

ನಮ್ಮ ಕೆಲಸದ ರೀತಿ ಹಳೆಯದು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ತಿದ್ದಿದ ಪ್ರತಿಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಕಾಮಾ, ಫುಲ್‌ಸ್ಟಾಪು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಬಾಯಾರು ಪಂಪು, ಪೈಪು, ಗಂಧಕದ ಆಮ್ಲಗಳ ಇಂಗ್ಲಿಷನ್ನು ಪುರಾಣ ಓದಿದ ಹಾಗೆ ರಾಗವಾಗಿ ಓದುತ್ತಿದ್ದರು. ನಡುವೆ ಗಕ್ಕನೆ ನಿಲ್ಲಿಸಿ, "ಇಂವಾ ಬೆಳಗಿನ ನಾಷ್ಟಾ ಮಾಡಿಲ್ಲ ಬರೀಬೇಕಾದ್ರ, ಕ್ರಿಯಾಪದನ ನುಂಗ್ಯಾನ" ಎನ್ನುತ್ತಿದ್ದರು. ಮಾಲಕರಿಗೆ ಕನ್ನಡ ಬಾರದು, ಆದರೂ ಒಳಗಿನ ಕೋಣೆಯಲ್ಲಿ ಅವರು ನಗುವುದು ಕೇಳುತ್ತಿತ್ತು.

ಅವರು ನನಗೆ ಕಲಿಸಿದ್ದರಲ್ಲಿ ಮುಖ್ಯವಾದದ್ದು ವ್ಯಾಕರಣವಲ್ಲ, ಕೇಳುವುದು. ತಪ್ಪು ಎಂದು ಖಾತ್ರಿ ಇದ್ದರೆ ಕೆಂಪು ಶಾಯಿಯಲ್ಲಿ ತಿದ್ದಬೇಕು. ಇಂಗ್ಲಿಷ್ ಸರಿಯಿದ್ದು, ವಿಷಯದ ಬಗ್ಗೆ ಸಂಶಯ ಬಂದರೆ, ಕೈ ಹಚ್ಚದೆ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆ ಬರೆಯಬೇಕು. ಅವರ ಪ್ರಶ್ನೆ ಸದಾ ಒಂದೇ. ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ಅದರ ಅರ್ಥ, "ನೀವು ಹೇಳಬೇಕೆಂದದ್ದು ಇದೇ ಏನು?" ಬರೆದವರು ಅದರ ಕೆಳಗೆ ಹೌದು ಅಥವಾ ಇಲ್ಲ ಎಂದು ಬರೆದು ಸಹಿ ಮಾಡಿ ಕಳಿಸಬೇಕು. ಎಂಟು ದಿನ ಕಾಯುವುದು. ಉತ್ತರ ಬರದಿದ್ದರೆ ಇದ್ದದ್ದು ಇದ್ದಂತೆ ಬಿಡುವುದು. ಇದು ಮಾಲಕರ ತಂದೆಯ ಕಾಲದಿಂದ ಬಂದ ನಿಯಮ. ಬಾಯಾರು ಪೆನ್ಸಿಲನ್ನು ಎಷ್ಟು ಒತ್ತಿ ಬರೆಯುತ್ತಿದ್ದರೆಂದರೆ ಪ್ರಶ್ನೆಯ ಗುರುತು ಕೆಳಗಿನ ಹಾಳೆಯ ಮೇಲೂ ಮೂಡುತ್ತಿತ್ತು. "ಬಾಯಾರ, ಹಾಳಿ ಹರೀತದ್ರಿ" ಎಂದರೆ, "ಹರೀಲಿ, ಕೇಳಿದ್ದು ಕೇಳಿಸಬೇಕು" ಎನ್ನುತ್ತಿದ್ದರು.

ಅದರ ಬೆಲೆ ಒಮ್ಮೆ ಕಣ್ಣಾರೆ ಕಂಡಿದ್ದೆ. ಕುರಕುಂಭದ ಕಾರ್ಖಾನೆಯೊಂದರ ಕೈಪಿಡಿಯಲ್ಲಿ, ಮೊದಲು ವಾಲ್ವ್ ತೆರೆಯಿರಿ, ಆಮೇಲೆ ಪಂಪು ನಿಲ್ಲಿಸಿರಿ ಎಂದಿತ್ತು. ವಾಕ್ಯದಲ್ಲಿ ಒಂದು ಕಾಮಾದ ತಪ್ಪೂ ಇರಲಿಲ್ಲ. ಬಾಯಾರು ಅಲ್ಲೇ ನಿಂತರು. "ಮನ್ಯಾಗ ನಲ್ಲಿ ರಿಪೇರಿ ಮಾಡೋವಾಗನೂ ಮೊದಲ ಮೋಟರ್ ಬಂದ್ ಮಾಡತೀವಿ. ಇವರ್ಯಾಕ ಉಲ್ಟಾ ಮಾಡತಾರ?" ಎಂದು ಅಂಚಿನಲ್ಲಿ ಪ್ರಶ್ನೆ ಬರೆದರು. ಎರಡು ದಿನಕ್ಕೆ ಆ ಕಾರ್ಖಾನೆಯ ಸುರಕ್ಷತೆಯ ಸಾಹೇಬರ ಫೋನು ಬಂತು. ಕ್ರಮ ಹಿಂದುಮುಂದಾಗಿತ್ತಂತೆ. ಹಾಗೆಯೇ ಅಚ್ಚಾಗಿದ್ದರೆ ಬಿಸಿ ದ್ರಾವಣ ನಿಂತವನ ಮೈಮೇಲೆ ಬರುತ್ತಿತ್ತಂತೆ. ಬಾಯಾರು ಫೋನಿಟ್ಟು, ಡಬ್ಬಿಯಿಂದ ಶೇಂಗಾ ಚಟ್ನಿ ತೆಗೆದು, ಏನೂ ಆಗದವರಂತೆ ಭಕ್ಕರಿ ತಿಂದರು.

ಹೀಗಿರುವಾಗ ಒಂದು ದಿನ ಮಾಲಕರು ನನ್ನೊಬ್ಬಳನ್ನೇ ಒಳಗೆ ಕರೆದರು. ಒಳ್ಳೆಯ ಮನುಷ್ಯ. ಕೆಟ್ಟ ಮಾತು ಆಡಬೇಕಾದಾಗ ಚಹಾದ ಕಪ್ಪು ತಿರುಗಿಸುತ್ತಾರೆ. ಅಂದು ತಿರುಗಿಸುತ್ತಿದ್ದರು. ಮರಾಠಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಇಂಟರ್ನೆಟ್ಟಿನಲ್ಲಿ ಇಂಗ್ಲಿಷ್ ವ್ಯಾಕರಣ ನೋಡುವ ಟೂಲುಗಳು ಬಂದಿವೆ. ಗಿರಾಕಿಗಳೂ ಅದನ್ನೇ ಕೇಳುತ್ತಿದ್ದಾರೆ. ನೀವು ಮೂರು ಟೂಲು ಆರಿಸಿ, ನಮ್ಮ ಹಳೇ ಕೆಲಸಗಳ ಮೇಲೆ ಓಡಿಸಿ ನೋಡಿ, ಯಾವುದು ಒಳ್ಳೆಯದೆಂದು ಒಂದು ವರದಿ ಬರೆಯಿರಿ. ಹೋಲಿಕೆಗೆ ನಮ್ಮ ಈಗಿನ ಪದ್ಧತಿಯನ್ನೂ ಸೇರಿಸಿರಿ.

"ಟೂಲ್ ಒಳ್ಳೆಯದಿದ್ದರೆ ತಿದ್ದುವುದಕ್ಕೆ ಒಬ್ಬರು ಸಾಕು" ಎಂದರು. "ಅವರಿಗೆ ನಾನಿನ್ನೂ ಹೇಳಿಲ್ಲ."

ಅವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಕಂಪ್ಯೂಟರ್ ಬಲ್ಲವಳು ನಾನು. ಹೊರಗೆ ಬಂದಾಗ ಬಾಯಾರು, "ಏನಂದ್ರು?" ಎಂದರು. "ಏನಿಲ್ರಿ, ಯಾವುದೋ ಟೂಲ್ ನೋಡಂದ್ರು" ಎಂದೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಪಿಂಪರಿಯಲ್ಲಿ ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಆಗ ಐದು ತಿಂಗಳಾಗಿತ್ತು. ಉಳಿಯುವ ಒಬ್ಬರು ನಾನಾಗಬೇಕು ಎಂಬ ಮಾತು ನನ್ನ ತಲೆಯಲ್ಲಿ ಆ ಗಳಿಗೆಯಿಂದಲೇ ಕೂತಿತು. ಅದನ್ನು ಯಾರೂ ನನ್ನ ಕಿವಿಯಲ್ಲಿ ಊದಿರಲಿಲ್ಲ.

ಟೂಲು ಆರಿಸುವುದು ಸೀರೆ ಅಂಗಡಿಯಲ್ಲಿ ಕೂತ ಹಾಗೆ. ಎಲ್ಲವೂ ಚೆಂದ, ಎಲ್ಲವೂ ತಮ್ಮದೇ ಶ್ರೇಷ್ಠ ಎನ್ನುತ್ತವೆ. ಹತ್ತು ಉತ್ತಮ ಟೂಲುಗಳು, ಏಳು ಉತ್ತಮ ಟೂಲುಗಳು ಎಂಬ ಲೇಖನಗಳನ್ನು ಓದಿ ಓದಿ ಕಣ್ಣು ಉರಿಯಿತು. ಬಿಟ್ಟಿ ಎನ್ನುತ್ತವೆ, ಮೂರನೇ ಪುಟಕ್ಕೆ ಕಾರ್ಡಿನ ನಂಬರು ಕೇಳುತ್ತವೆ. ಒಂದು ಟೂಲು ಕೊಟ್ಟ ಬರಹವನ್ನು ತನ್ನ ಬಳಿ ಇಟ್ಟುಕೊಳ್ಳುತ್ತೇನೆ ಎಂದು ಇರುವೆಯಂಥ ಅಕ್ಷರದಲ್ಲಿ ಹೇಳಿತ್ತು. ಗಿರಾಕಿಯ ಪ್ರಬಂಧ ಪರರ ಪಾಲಾದರೆ ಯಾರು ಹೊಣೆ ಎಂದು ಅದನ್ನು ಬಿಟ್ಟೆ. ಉಳಿದವುಗಳಲ್ಲಿ ಮೂರನ್ನು ಇಟ್ಟುಕೊಂಡೆ. ಮೊದಲನೆಯದು ಆಸಿಡ್ ಟ್ಯಾಂಕಿನ ಎಚ್ಚರಿಕೆಯನ್ನೂ ಲಗ್ನಕ್ಕೆ ಕರೆದಂತೆ ನಯವಾಗಿ ಬದಲಿಸಿತು. ಎರಡನೆಯದು ಉದ್ದ ವಾಕ್ಯ ಕಂಡರೆ ಸಾಕು, ಬೆಂಡೆಕಾಯಿ ಹೆಚ್ಚಿದ ಹಾಗೆ ಹೆಚ್ಚಿಹಾಕಿತು. ಮೂರನೆಯದು ನಿಜಕ್ಕೂ ಚುರುಕು. ನಾನು ನಾಲ್ಕು ಸಲ ಓದಿಯೂ ಕಾಣದ ತಪ್ಪನ್ನು ಅದು ಕಣ್ಣು ಮಿಟುಕಿಸುವುದರಲ್ಲಿ ಹಿಡಿಯಿತು. ನನಗೆ ಹೆದರಿಕೆಯೂ ಆಯಿತು, ಆಸೆಯೂ ಆಯಿತು.

ಒಮ್ಮೆ ಬಾಯಾರೇ ಹಿಂದೆ ಬಂದು ನಿಂತು ನೋಡಿದರು. ಪರದೆಯ ಮೇಲೆ ಕೆಂಪು ಗೆರೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು.

"ಭಾಳ ಶಾಣ್ಯಾ ಅದ ನೋಡು" ಎಂದರು ಮನಃಪೂರ್ವಕವಾಗಿ. ಆಮೇಲೆ, "ಆದ್ರ ಇದಕ್ಕ ಸಂಶಯ ಬರಂಗಿಲ್ಲೇನು? ಬರದವರಿಗೆ ಏನೂ ಕೇಳವಲ್ತಲ್ಲ?" ಎಂದರು.

"ಅದು ಮಷಿನ್ ರೀ ಬಾಯಾರ" ಎಂದೆ. ನನ್ನ ದನಿಯಲ್ಲಿ ಸಿಡುಕು ಇತ್ತು. ಅವರು ತಮ್ಮ ಜಾಗಕ್ಕೆ ಹೋದರು.

ಪರೀಕ್ಷೆಗೆ ಹತ್ತು ಹಳೇ ಕೆಲಸಗಳು ಬೇಕಿತ್ತು. ನಾನು ಹತ್ತೂ ಬಾಯಾರು ತಿದ್ದಿದವುಗಳನ್ನೇ ಆರಿಸಿದೆ. ಅವರ ಫೈಲುಗಳು ಅಚ್ಚುಕಟ್ಟು, ಲೆಕ್ಕಕ್ಕೆ ಸುಲಭ ಎಂಬುದು ನಾನು ಹೇಳಿಕೊಂಡ ಕಾರಣ. ನನ್ನ ಕೆಲಸ ಅಳತೆಗೆ ಸಿಗಬಾರದು ಎಂಬುದು ಹೇಳಿಕೊಳ್ಳದ ಕಾರಣ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎನ್ನುತ್ತಾರಲ್ಲ, ಆ ಕಾವನ್ನು ನಾನೇ ಕೂತು ಕೆತ್ತುತ್ತಿದ್ದೆ.

ಆ ಭಾನುವಾರ ಬಾಯಾರು ತಂಗಿಯ ಜೊತೆ ಜೇಜುರಿಗೆ ಹೋಗಿದ್ದರು. ಖಂಡೋಬಾ ಅವರ ಮನೆದೇವರು. ವರ್ಷಕ್ಕೊಮ್ಮೆ ಹೋಗದಿದ್ದರೆ ಅವರಿಗೆ ಅನ್ನ ಸೇರದು. ನಾನು ಮನೆಯಲ್ಲಿ ಊಟದ ಮೇಜಿನ ಮೇಲೆ ಕಾಗದ ಹರಡಿ ಕೋಷ್ಟಕ ಹಾಕಿದೆ. ಓದಿದ ಲೇಖನಗಳಲ್ಲೆಲ್ಲ ಇದ್ದ ಹಾಗೆ ಮೂರು ಕಾಲಂ. ಹಿಡಿದ ತಪ್ಪು. ಬಿಟ್ಟ ತಪ್ಪು. ತಪ್ಪಿಲ್ಲದಲ್ಲಿ ಕೈಹಾಕಿದ್ದು. ಮೂರು ಟೂಲಿಗೆ ಮೂರು ಸಾಲು, ನಮ್ಮ ಈಗಿನ ಪದ್ಧತಿಗೆ ಒಂದು ಸಾಲು.

ತಪ್ಪು ಹಿಡಿಯುವುದರಲ್ಲಿ ಮೂರನೇ ಟೂಲಿಗೂ ಬಾಯಾರಿಗೂ ಕೂದಲೆಳೆಯ ಅಂತರ. ಆದರೆ ಅವರು ಅಂಚಿನಲ್ಲಿ ಬರೆದ ಪ್ರಶ್ನೆಗಳನ್ನು ಎಲ್ಲಿ ಹಾಕುವುದು? ಹಿಡಿದ ತಪ್ಪು ಎನ್ನುವಂತಿಲ್ಲ, ಅಲ್ಲಿ ಇಂಗ್ಲಿಷ್ ಸರಿಯಾಗಿಯೇ ಇತ್ತು. ಹಾಗಾಗಿ ಅವೆಲ್ಲವನ್ನೂ ಮೂರನೇ ಕಾಲಮ್ಮಿಗೆ ಹಾಕಿದೆ. ತಪ್ಪಿಲ್ಲದಲ್ಲಿ ಕೈಹಾಕಿದ್ದು. ಆ ಹತ್ತು ಕೆಲಸಗಳಲ್ಲಿ ಕುರಕುಂಭದ ಕೈಪಿಡಿಯೂ ಇತ್ತು. ವಾಲ್ವು, ಪಂಪಿನ ವಾಕ್ಯಕ್ಕೆ ಮೂರೂ ಟೂಲುಗಳು ತಪ್ಪಿಲ್ಲವೆಂದು ಹಸಿರು ಗುರುತು ಹಾಕಿದ್ದವು. ಬಾಯಾರ ಪ್ರಶ್ನೆಗೆ ನಾನು ಮೂರನೇ ಕಾಲಮ್ಮಿನಲ್ಲಿ ಗೀಟು ಎಳೆದೆ. ಎಳೆಯುವಾಗ ನನ್ನ ಕೈ ಒಂದು ಕ್ಷಣ ತಡೆಯಿತು ಎಂದು ಬರೆಯಲು ಆಸೆ ಇದೆ. ತಡೆಯಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟಿದ್ದೆ, ಕುಕ್ಕರಿನ ಸೀಟಿ ಎಣಿಸುತ್ತ ಎಳೆದೆ.

ಸಂಜೆಗೆ ಮೊತ್ತ ಹಾಕಿದಾಗ ಬಾಯಾರ ಸಾಲು ಮೂರನೇ ಟೂಲಿಗಿಂತ ಕೆಳಗೆ ಬಂದಿತ್ತು. ಅವರದು ತಪ್ಪಿಲ್ಲದಲ್ಲಿ ಕೈಹಾಕುವ ಸ್ವಭಾವ ಎಂದು ಆ ಕೋಷ್ಟಕ ಹೇಳುತ್ತಿತ್ತು. ಒಂಬತ್ತು ವರ್ಷ ನನ್ನ ಎದುರಿಗೆ ಕೂತ, ಸಂಶಯ ಬಂದರೆ ಒಂದು ಕಾಮಾ ಮುಟ್ಟಲೂ ಬರೆದವರ ಅಪ್ಪಣೆ ಕೇಳುವ ಹೆಂಗಸಿನ ಬಗ್ಗೆ. ನಾನು ವರದಿ ಬರೆದು, ಅದನ್ನು ಅದೇ ಮೂರನೇ ಟೂಲಿನಲ್ಲಿ ಹಾಕಿ ನೋಡಿದೆ. ಹಸಿರು ಗುರುತು ಬಂತು.

ಅಲ್ಲಿಗೇ ಮುಗಿದಿದ್ದರೆ ಪೆದ್ದು ಎಂದು ನನ್ನನ್ನು ನಾನು ಕ್ಷಮಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಆಫೀಸಿನಲ್ಲಿ ಇನ್ನೊಂದು ನಿಯಮವಿತ್ತು. ಯಾವ ಕಾಗದವೂ, ಮಾಲಕರ ಮೇಜಿಗೆ ಹೋಗುವುದೂ ಸೇರಿ, ಎರಡು ಸಹಿ ಇಲ್ಲದೆ ದಾಟಬಾರದು. ಬರೆದವರದೊಂದು, ಓದಿದವರದೊಂದು. ಓದುವವರು ಬಾಯಾರೇ. ಅವರನ್ನು ಮನೆಗೆ ಕಳಿಸುವ ವರದಿಗೆ ಅವರ ಸಹಿಯೇ ಬೇಕಿತ್ತು.

ಸೋಮವಾರ ಅವರು ಜೇಜುರಿಯ ಭಂಡಾರ ತಂದಿದ್ದರು. ಅರಿಸಿನದ ಪುಡಿಯ ಆ ಪುಟ್ಟ ಪೊಟ್ಟಣ ಬಿಚ್ಚಿ ನನ್ನ ಹಣೆಗೆ ಹಚ್ಚಿದರು. "ನಿನ್ನ ಗಂಡನ ಸಲುವಾಗಿ ಬೇಡಿಕೊಂಡು ಬಂದೇನಿ. ಒಂದೂವರಿ ತಿಂಗಳದಾಗ ನೌಕರಿ ಹತ್ತತದ ನೋಡು" ಎಂದರು. ನನ್ನ ಕೈಯಲ್ಲಿ ವರದಿ ಇತ್ತು. ಅದನ್ನು ಕೊಟ್ಟು, ನೀರು ಕುಡಿಯುವ ನೆವದಿಂದ ಎದ್ದು ಹೋದೆ. ಹಿಂದಿರುಗಿ ಬಂದರೂ ಅವರ ಕಡೆ ನೋಡಲಿಲ್ಲ. ಅವರು ಆ ದಿನ ಗಟ್ಟಿಯಾಗಿ ಓದಲಿಲ್ಲ. ಅದೊಂದೇ ಕಾಗದವನ್ನು ಅವರು ಮನಸ್ಸಿನಲ್ಲೇ ಓದಿದ್ದನ್ನು ನಾನು ಕಂಡದ್ದು.

ನಾಲ್ಕು ಗಂಟೆಗೆ ವರದಿ ನನ್ನ ಮೇಜಿನ ಮೇಲಿತ್ತು. ಅವರು ತಂಗಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬೇಕು ಎಂದು ಆಗಲೇ ಹೊರಟಿದ್ದರು. "ಸಹಿ ಮಾಡೇನಿ, ನೋಡಿ ಕಳಸು" ಎಂದಷ್ಟೇ ಹೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ.

ಮೊದಲ ಪುಟದಲ್ಲಿ ಕೆಂಪು ಶಾಯಿಯ ಎರಡು ತಿದ್ದುಪಡಿ. ಟೂಲು ಹಸಿರು ಗುರುತು ಕೊಟ್ಟ ವಾಕ್ಯಗಳಲ್ಲೇ. ಎರಡನೇ ಪುಟದಲ್ಲಿ ಕೋಷ್ಟಕ. ಮೂರನೇ ಕಾಲಮ್ಮಿನಲ್ಲಿ, ಅವರ ಸಾಲಿನ ಅಂಕಿಯ ಪಕ್ಕಕ್ಕೆ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒತ್ತಿ ಬರೆದಿದ್ದರು. ನೀವು ಹೇಳಬೇಕೆಂದದ್ದು ಇದೇ ಏನು? ಪಕ್ಕದಲ್ಲಿ ಹೆಬ್ಬೆರಳಿನ ಹಳದಿ ಗುರುತು, ಭಂಡಾರದ್ದು. ಕೆಳಗೆ, ನನ್ನ ಸಹಿಯ ಪಕ್ಕ, ಅವರ ಸಹಿ.

ನನಗೆ ಮೊದಲು ನಾಚಿಕೆಯಾಯಿತು. ಮರುಕ್ಷಣವೇ ಸಿಟ್ಟು ಬಂತು, ಅವರ ಮೇಲೆ. ಬೈಯಬಾರದೇ? ಏನವ್ವಾ, ಇದೇನ ನೀ ಕಲತದ್ದು ಎಂದು ನಾಲ್ಕು ಮಂದಿಯ ಮುಂದೆ ಕೇಳಬಾರದೇ? ಯಾರೋ ಪಿಎಚ್‌ಡಿ ಹುಡುಗನಿಗೆ ಕೇಳಿದ ಹಾಗೆ ನನಗೂ ಅದೇ ಪ್ರಶ್ನೆ ಕೇಳಿ ಬಸ್ಸು ಹತ್ತಿ ಹೋಗಿದ್ದರು.

ಮಾಲಕರು ಹೊರಡುವುದಕ್ಕೆ ಇನ್ನೂ ಎರಡು ತಾಸು ಇತ್ತು. ನಾನು ಒಂದು ಹಾಳೆ ತೆಗೆದುಕೊಂಡು ನಾಲ್ಕನೇ ಕಾಲಂ ಹಾಕಿದೆ. ಕೇಳಿದ ಪ್ರಶ್ನೆ. ಅವರ ಪ್ರಶ್ನೆಗಳನ್ನೆಲ್ಲ ಅಲ್ಲಿಗೆ ತಂದೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಬರೆದವರು ಇಲ್ಲ ಎಂದು ಉತ್ತರಿಸಿ, ವಿಷಯವನ್ನೇ ಬದಲಿಸಿದ್ದರು. ಟೂಲುಗಳ ಸಾಲಿನಲ್ಲಿ ಆ ಕಾಲಂ ಉದ್ದಕ್ಕೂ ಸೊನ್ನೆ. ಮೂರನೇ ಕಾಲಂ ಬಾಯಾರ ಸಾಲಿನಲ್ಲಿ ಖಾಲಿಯಾಯಿತು. ಕುರುಡರಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಟೂಲು ತೆಗೆದುಕೊಳ್ಳಬಹುದು, ಆದರೆ ಮನೆಗೆ ಕಳಿಸಬೇಕಾದವರು ಬಾಯಾರಲ್ಲ. ಟೂಲು ಮಾಡುವಷ್ಟನ್ನೇ ಮಾಡುತ್ತಿದ್ದವಳು ನಾನು.

ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿ ಹಾಕಿಕೊಂಡೆ. ಪರ್ಸಿನಲ್ಲಿ ಮಗಳ ಶಾಲೆಯ ಫೀಸಿನ ಚೀಟಿ ಇತ್ತು, ಗಂಡನ ಬಯೋಡೇಟಾದ ಪ್ರತಿಗಳಿದ್ದವು. ಬಾಯಾರಿಗೆ ವಯಸ್ಸಾಯಿತು, ಅವರಿಗೇನು ಮಕ್ಕಳೇ ಮರಿಯೇ, ತಂಗಿಯ ಪೆನ್ಶನ್ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೋದ ವರ್ಷವಷ್ಟೇ ಅವರು, "ಮನ್ಯಾಗ ಕೂತು ನಾ ಏನ್ ತಿದ್ದಲಿ? ತಂಗಿ ಮಾಡಿದ ಸಾರು?" ಎಂದು ನಕ್ಕದ್ದು ನೆನಪಿತ್ತು. ನೆನಪಿದ್ದೂ ರಬ್ಬರು ತೆಗೆದುಕೊಂಡೆ. ಕೆಂಪು ಶಾಯಿ ಅಳಿಸುವುದಿಲ್ಲ, ಪೆನ್ಸಿಲು ಅಳಿಸುತ್ತದೆ. ಅಳಿಸಿ, ಪುಡಿ ಊದಿ, ಎರಡು ಸಹಿಯ ವರದಿಯನ್ನು ಮಾಲಕರ ಮೇಜಿನ ಮೇಲಿಟ್ಟು ಮನೆಗೆ ಬಂದೆ.

ಬಾಯಾರಿಗೆ ತಿಂಗಳ ಕೊನೆಗೆ ಶಾಲು, ತೆಂಗಿನಕಾಯಿ ಆಯಿತು. ಮಾಲಕರು ಕಣ್ಣಲ್ಲಿ ನೀರು ತಂದರು. ಬಾಯಾರು ಯಾರನ್ನೂ ಏನೂ ಅನ್ನಲಿಲ್ಲ. ಕುರ್ಚಿಯ ಮೇಲಿನ ತಮ್ಮ ದಿಂಬು, ನೀರಿನ ಬಾಟಲಿ ತೆಗೆದುಕೊಂಡು, "ಬರತಿರು ಮನೀಗೆ" ಎಂದು ನನ್ನ ಬೆನ್ನು ತಟ್ಟಿ ಹೋದರು. ನಾನು ಹೋಗಲಿಲ್ಲ. ದೀಪಾವಳಿಗೆ, ಯುಗಾದಿಗೆ ಅವರೇ ಫೋನು ಮಾಡುತ್ತಿದ್ದರು. "ಹೆಂಗಿದ್ದೀ? ಗಂಡಗ ನೌಕರಿ ಹತ್ತಿತಂತಲ್ಲ, ಖಂಡೋಬಾ ಕಣ್ಣು ಬಿಟ್ಟ ನೋಡು" ಎನ್ನುತ್ತಿದ್ದರು. ಎರಡು ಮಾತಾಡಿ, ಮಗಳು ಕರೆಯುತ್ತಿದ್ದಾಳೆ ಎಂದು ಇಟ್ಟುಬಿಡುತ್ತಿದ್ದೆ.

ಟೂಲು ಚೆನ್ನಾಗಿಯೇ ನಡೆಯಿತು. ಸುಳ್ಳು ಹೇಳಬಾರದು, ಮೊದಲಿಗಿಂತ ಬೇಗ, ಮೊದಲಿಗಿಂತ ನುಣುಪು. ಎದುರಿನ ಕುರ್ಚಿಯ ಮೇಲೆ ಈಗ ಪ್ರಿಂಟರ್ ಕೂತಿತ್ತು. ಗಟ್ಟಿಯಾಗಿ ಓದುವುದು ನಿಂತಿತು. ಒಬ್ಬಳೇ ಯಾರಿಗೆಂದು ಓದಲಿ? ಎರಡನೇ ಸಹಿಯ ಜಾಗದಲ್ಲಿ ಟೂಲಿನ ಹೆಸರು ಬರೆಯುವ ರೂಢಿಯಾಯಿತು. ಪ್ರಶ್ನೆ ಕೇಳುವುದನ್ನು ನಾನೂ ಬಿಟ್ಟೆ. ಯಾರೂ ಬಿಡು ಎಂದಿರಲಿಲ್ಲ. ಪೆನ್ಸಿಲು ಹಿಡಿಯಲು ನನಗೆ ಮನಸ್ಸಾಗುತ್ತಿರಲಿಲ್ಲ, ಅಷ್ಟೇ.

ಹೀಗೆ ಮೂರು ವರ್ಷ. ಹೋದ ಮಳೆಗಾಲದಲ್ಲಿ ಕುರಕುಂಭದ ಅದೇ ಕಾರ್ಖಾನೆಯ ಕೈಪಿಡಿ ಹೊಸ ರೂಪದಲ್ಲಿ ತಿದ್ದಲು ಬಂತು. ಟೂಲಿನಲ್ಲಿ ಹಾಕಿದೆ, ಹಸಿರಾಯಿತು, ಕಳಿಸಿದೆ. ವಾರದ ಮೇಲೆ ಸುರಕ್ಷತೆಯ ಸಾಹೇಬರ ಫೋನು. ಅಚ್ಚಿಗೆ ಕೊಡುವ ಮುಂಚೆ ಅವರ ಫೋರ್‌ಮನ್ ಓದಿ ನೋಡಿದನಂತೆ. ಟ್ಯಾಂಕು ತೊಳೆಯುವ ಪುಟದಲ್ಲಿ, ಮನುಷ್ಯ ಒಳಗಿಳಿದ ಮೇಲೆ ಗಾಳಿ ಪರೀಕ್ಷಿಸಿರಿ ಎಂದಿತ್ತಂತೆ, ಇಳಿಯುವ ಮೊದಲು ಎನ್ನುವ ಬದಲು. ತಪ್ಪು ತಮ್ಮವರದ್ದೇ ಎಂದು ಸಾಹೇಬರು ಒಪ್ಪಿಕೊಂಡರು. ಬೈಯಲಿಲ್ಲ. ಮರಾಠಿಯಲ್ಲಿ ಸಮಾಧಾನವಾಗಿಯೇ ಕೇಳಿದರು: "ಮೊದಲು ನೀವು ಇಂಥ ಕಡೆ ಪ್ರಶ್ನೆ ಹಾಕಿ ಕಳಿಸುತ್ತಿದ್ದಿರಲ್ಲ ಮ್ಯಾಡಮ್, ಈಗ ಯಾಕೆ ಕೇಳುವುದಿಲ್ಲ?"

ಆ ವಾಕ್ಯವನ್ನು ನಾನು ಓದಿದ್ದೆ. ಎಲ್ಲೋ ಏನೋ ಚುಚ್ಚಿದಂತೆಯೂ ಆಗಿತ್ತು. ಹಸಿರು ಗುರುತು ನೋಡಿ ಮುಂದಕ್ಕೆ ಹೋಗಿದ್ದೆ.

ಹಳೆಯ ಕೈಪಿಡಿಯಲ್ಲಿ ಆ ಪುಟ ಹೇಗಿತ್ತು ನೋಡೋಣವೆಂದು ಕಪಾಟು ತೆಗೆದೆ. ಟೂಲಿನ ಪರೀಕ್ಷೆಗೆ ಬಳಸಿದ ಹತ್ತೂ ಫೈಲುಗಳನ್ನು ಮಾಲಕರು ಒಂದೇ ಕಟ್ಟಾಗಿ ಕಟ್ಟಿಸಿದ್ದರು. ಎಲ್ಲಕ್ಕೂ ಮೇಲೆ ನನ್ನ ವರದಿ. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿತ್ತು. ಕೋಷ್ಟಕದ ಪಕ್ಕ ಅಂಚಿನಲ್ಲಿ ಸೀಸದ ಬಣ್ಣ ಇರಲಿಲ್ಲ, ಆದರೆ ಒತ್ತಿ ಬರೆದ ಗುಳಿಗಳು ಹಾಗೇ ಇದ್ದವು. ಒಂದೊಂದು ಅಕ್ಷರವೂ ಓದಲು ಬರುತ್ತಿತ್ತು. ಹಳದಿ ಹೆಬ್ಬೆರಳೂ ಇತ್ತು. ರಬ್ಬರಿಗೆ ಅದು ಹೋಗಿರಲಿಲ್ಲ, ಹರಡಿತ್ತು.

ನಾನು ಪೆನ್ನು ತೆಗೆದು ಅದರ ಕೆಳಗೆ ಇಲ್ಲ ಎಂದು ಬರೆದೆ. ಸಹಿ ಮಾಡಿದೆ. ಆ ಪುಟವನ್ನು ಬಿಡಿಸಿ ಮಡಚಿ ಪರ್ಸಿನಲ್ಲಿ ಹಾಕಿಕೊಂಡೆ. ಮೂರು ವರ್ಷ ಹೊತ್ತದ್ದು ಇಳಿಯಿತು ಎನ್ನಿಸಿತು. ಬಾಯಾರು ಕ್ಷಮಿಸುತ್ತಾರೆ, ಮತ್ತೆ ಅವರನ್ನು ಕರೆಸಿರಿ ಎಂದು ಮಾಲಕರಿಗೆ ಹೇಳುತ್ತೇನೆ ಎಂದೆಲ್ಲ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತ ಕೊಥ್ರೂಡಿಗೆ ಹೋದೆ.

ಬಾಗಿಲು ತೆರೆದವರು ಬಾಯಾರೇ. "ಅಯ್ಯ, ನೀ! ಬಾ ಬಾ, ಇಷ್ಟ ದಿನಕ್ಕ ನೆನಪಾತೇನ?" ಎಂದು ಕೈಹಿಡಿದು ಒಳಗೆ ಕರೆದುಕೊಂಡರು. ಸೊರಗಿದ್ದರು. ತಂಗಿ ಚಹಾ ತಂದಿಟ್ಟು ಒಳಗೆ ಹೋದರು. ನಾನು ಕುರಕುಂಭದ ಫೋನಿನ ವಿಷಯ ಹೇಳಿದೆ. "ಯಾರಿಗೂ ಏನೂ ಆಗಿಲ್ಲಲ್ಲ? ಹಂಗಾರ ಆತು ಬಿಡು" ಎಂದರು. ಆಮೇಲೆ ವರದಿಯ ಆ ಹಾಳೆಯನ್ನು ಅವರ ಮುಂದಿಟ್ಟೆ.

ಬಾಯಾರು ಕನ್ನಡಕ ಹಾಕಿಕೊಂಡರು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. ನನ್ನ ಉತ್ತರ ಓದಿದರು. ಆಮೇಲೆ ಬೆರಳಿನಿಂದ ಆ ಗುಳಿಗಳ ಮೇಲೆ ಮೆಲ್ಲಗೆ ಸವರಿದರು, ನಾವು ಸಾಲುಗಳನ್ನು ಹಿಂಬಾಲಿಸುತ್ತಿದ್ದ ಹಾಗೆ.

"ಇದನ್ನ ಅಳಿಸ್ಯಾರಲ್ಲ. ಯಾರು?" ಎಂದರು.

"ನಾನ ರೀ, ಬಾಯಾರ."

"ಅವತ್ತ?"

"ಹೌದ್ರಿ. ಅವತ್ತ, ಮಾಲಕರ ಟೇಬಲ್ಲಿಗೆ ಇಡೋಕಿಂತ ಮೊದಲ."

ಒಳಗೆ ತಂಗಿ ಪಾತ್ರೆ ಜೋಡಿಸುವುದು ಕೇಳುತ್ತಿತ್ತು.

"ನೀ ನೋಡೇ ಇಲ್ಲ ಅಂತ ತಿಳಕೊಂಡಿದ್ದೆ" ಎಂದರು ಕೊನೆಗೆ. "ಪಾಪ, ಗಂಡನ ಚಿಂತಿಯೊಳಗ ಇದ್ಲು, ಗಡಿಬಿಡಿಯೊಳಗ ನೋಡದನ ಕಳಿಸಿಬಿಟ್ಟಾಳ ಅಂತ. ಮೂರು ವರ್ಷ ತಂಗಿಗೂ ಅದನ್ನ ಹೇಳಕೋತ ಬಂದೇನಿ."

ನಾನು ತಪ್ಪಾಯಿತು ಎಂದೆ. ಅಳು ಬಂತು. ಮಾಲಕರಿಗೆ ಎಲ್ಲ ಹೇಳುತ್ತೇನೆ, ನೀವು ಮತ್ತೆ ಬರಬೇಕು ಎಂದೆ. ಅವರು ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಹಾಳೆಯನ್ನು ನಾನು ಮಡಚಿದ ಮಡಿಕೆಯ ಮೇಲೇ ಮಡಚಿ ನನ್ನ ಕಡೆ ಸರಿಸಿದರು.

"ಉತ್ತರಕ್ಕ ಎಷ್ಟ ದಿನ ಕಾಯತಿದ್ವಿ ನಾವು?"

"ಎಂಟು ದಿನ ರೀ."

"ಬರದಿದ್ರ?"

"ಇದ್ದದ್ದು ಇದ್ದಂಗ ಬಿಡತಿದ್ವಿ."

ಬಾಯಾರು ತಲೆಯಾಡಿಸಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಮುಂದಿದ್ದ ಕಪ್ಪನ್ನು ತೋರಿಸಿ, ಬ್ಯಾಂಕಿನವರೊಡನೆ ಮಾತಾಡುವ ದನಿಯಲ್ಲಿ ಹೇಳಿದರು:

"ಚಹಾ ಆರತದ, ತೊಗೊಳ್ರಿ."